ಕೋಡಿಗೆ ಕಟ್ಟಿದ ಬಲೆ

ಆಗಸ್ಟ್ 12, ಸೋಮವಾರ

ಮಾರಿಕುಪ್ಪಂ ಟ್ರೈನು ಇವತ್ತೂ ಲೇಟು. ಎದುರು ಸೀಟಿನ ಹೆಂಗಸರು ಬೆಂಗಳೂರಿನವರೆಗೆ ಹೋಗುವವರು. ನಾನು ಇಳಿಯುವ ಬಂಗಾರಪೇಟೆ ಬರುವಷ್ಟರಲ್ಲಿ ಒಬ್ಬರ ಡಬ್ಬಿ ಇನ್ನೊಬ್ಬರು ಖಾಲಿ ಮಾಡಿರುತ್ತಾರೆ. ಆರು ತಿಂಗಳಿಂದ ಅದೇ ಬೋಗಿ. ನನ್ನ ಹೆಸರು ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.

ಆಫೀಸು ತೆಗೆದು ಕಸ ಗುಡಿಸಿದೆ. ಸಿಮೆಂಟ್ ಅಂಗಡಿಯ ಮೇಲಿನ ಒಂದೂವರೆ ರೂಮು — ಇದೇ ನಮ್ಮ ಫಿಶರೀಸ್ ಕಂಪನಿ. ಹೋದ ವಾರದ ಟೆಂಪೋ ಡೀಸೆಲ್, ಕಾವಲಿನವನ ಕೂಲಿ ಟ್ಯಾಲಿಗೆ ಏರಿಸಿದೆ. ಎಲ್ಲ ಖರ್ಚಿನ ಕಡೆಗೇ. ಶ್ರಾವಣ. ಮೀನು ಕೇಳುವವರಿಲ್ಲ.

ಸಂಜೆ ಓನರ್ ಅಶ್ವತ್ಥಪ್ಪ ಬಂದರು. ಸ್ಕ್ರೀನ್ ತುಂಬ ಹೊತ್ತು ನೋಡಿದರು. ಬೂದಿಕೋಟೆ ಕಡೆಯ ದೊಡ್ಡ ಕೆರೆ ಐದು ವರ್ಷಕ್ಕೆ ಲೀಸು. ಹೋದ ವರ್ಷ ಬಿಟ್ಟ ಮರಿ ಈಗ ಒಂದೊಂದು ಕೇಜಿ ದಾಟಿವೆ. ಬ್ಯಾಂಕಿನ ಸಾಲ, ಅವರ ಎರಡು ಹಸು ಮಾರಿದ ದುಡ್ಡು, ಮೀನು ಮಾರ್ಕೆಟ್ಟಿನ ಅಮ್ಮಾಜಮ್ಮ ಕೊಟ್ಟ ಅಡ್ವಾನ್ಸು — ಎಲ್ಲ ಆ ಒಂದು ನೀರಿನಲ್ಲಿದೆ. ಬೇರೆ ಎರಡು ಕೆರೆಗಳಲ್ಲಿ ಆಗಲೇ ಕಳೆದುಕೊಂಡಾಗಿದೆ.

“ಇದೊಂದ್ ಕೆರೆ ಕೈ ಇಡೀಬೇಕು ಕಣಮ್ಮ. ಇಲ್ದಿದ್ರೆ ಬೋರ್ಡ್ ಇಳ್ಸೋದೇ” ಅಂದರು.

ಬೋರ್ಡು ಇಳಿದರೆ ನಾನೆಲ್ಲಿಗೆ ಹೋಗಲಿ ಅಂತ ಕೇಳಬೇಕೆನಿಸಿತು. ಕಂಪ್ಯೂಟರ್ ಆಫ್ ಮಾಡಿದೆ.

ಆಗಸ್ಟ್ 25, ಭಾನುವಾರ

ರಾಧ ರೂಮು ಬಿಟ್ಟು ಹೋದಳು. ಮದುವೆ ಗೊತ್ತಾಗಿದೆ. ಬಿ.ಎ.ಯಿಂದ ಜೊತೆಗಿದ್ದವಳು. ಬಕೆಟ್ಟು, ಸ್ಟವ್ವು ನನಗೇ ಬಿಟ್ಟಳು. ಬಾಡಿಗೆ ಇನ್ನು ಪೂರ್ತಿ ನನ್ನದು.

ಅಮ್ಮ ಫೋನಿನಲ್ಲಿ ಕಾಮಸಮುದ್ರಕ್ಕೆ ಬಂದುಬಿಡು ಅಂದರು. ದನಿಯಲ್ಲಿ ಒತ್ತಾಯವಿರಲಿಲ್ಲ. ಅಲ್ಲಿ ಅಣ್ಣನ ಸಂಸಾರ. ನನ್ನ ಮಂಚದ ಮೇಲೆ ಈಗ ಅವನ ಮಗು ಮಲಗುತ್ತದೆ.

ಇಡೀ ದಿನ ಬಾಯಿ ತೆರೆದದ್ದು ಎರಡೇ ಸಲ. ಹಾಲಿನವನಿಗೆ, ಅಮ್ಮನಿಗೆ.

ಸೆಪ್ಟೆಂಬರ್ 20, ಶುಕ್ರವಾರ

ಬಲೆ ಹಾಕುವುದು ಮತ್ತೆ ಮುಂದಕ್ಕೆ. ಶ್ರಾವಣ ಮುಗಿದರೆ ಗಣೇಶ, ಗಣೇಶ ಮುಗಿದರೆ ಪಿತೃಪಕ್ಷ. ಈಗ ಹಿಡಿದರೆ ಅರ್ಧ ರೇಟು ಅಂತ ಅಶ್ವತ್ಥಪ್ಪನವರ ಲೆಕ್ಕ. ದಸರಾ ಕಳೆದ ಮೇಲೆ ಊರೆಲ್ಲ ಮಾಂಸಕ್ಕೆ ಬೀಳುತ್ತದೆ, ಆಗ ಹಿಡಿಯೋಣ. ಅಲ್ಲಿಯವರೆಗೆ ಮೀನೂ ಬೆಳೆಯುತ್ತದೆ.

ಅಮ್ಮಾಜಮ್ಮ ಮೆಟ್ಟಿಲು ಹತ್ತಿ ಬಂದರು. ಮೂವತ್ತು ವರ್ಷ ಮೀನು ಕೊಯ್ದ ಕೈ. ಬಂದವರೇ ನನ್ನ ಟಿಫನ್ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಬರೀ ಮೊಸರನ್ನ. ಚೀಟಿ ಎತ್ತಿ ಕೊಟ್ಟ ದುಡ್ಡು ಇದು, ಮಗಳ ಬಾಣಂತನಕ್ಕೆ ಬೇಕು, ನಿಮ್ಮ ಯಜಮಾನ ಪಂಚಾಂಗ ನೋಡಿಕೊಂಡು ಮೀನು ಹಿಡಿದರೆ ಮೀನಿಗೇನು ಪಂಚಾಂಗ ಗೊತ್ತಾ ಅಂತ ಒಂದೇ ಉಸಿರಿಗೆ ಕೇಳಿದರು. ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಹಾಕಿದೆ.

ಬಲೆ ಮೇಸ್ತ್ರಿ ಚಿರಂಜೀವಿ ಬಾಗಿಲಲ್ಲಿ ನಗುತ್ತಾ ನಿಂತಿದ್ದ. ಆಂಡರ್ಸನ್‌ಪೇಟೆಯವನು. ಮನೆಯಲ್ಲಿ ತಮಿಳು, ಬಲೆಯ ಆಳುಗಳ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ. “ಅಕ್ಕಾ, ನಮ್ಮ ಮೇಡಂಗೆ ಮಾತು ರೇಷನ್‌ನಲ್ಲಿ ಬರೋದು. ತಿಂಗ್ಳಿಗೆ ಐದು ಕೇಜಿ. ಈ ತಿಂಗ್ಳದು ಮುಗ್ದೋಯ್ತು.”

ನಗು ಬಂತು. ಅವರು ಹೋದ ಮೇಲೆ.

ಅಕ್ಟೋಬರ್ 16, ಬುಧವಾರ

ಮೂರು ದಿನದಿಂದ ಮಳೆ. ರೂಮಿನ ಶೀಟು ಸೋರುತ್ತಿದೆ. ರಾಧಳ ಬಕೆಟ್ಟು ಕೆಲಸಕ್ಕೆ ಬಂತು.

ಇಪ್ಪತ್ನಾಲ್ಕಕ್ಕೆ ಬಲೆ ಅಂತ ಗೊತ್ತಾಗಿದೆ. ಆಳು, ಐಸು, ಆಟೋ, ರಾಬರ್ಟ್‌ಸನ್‌ಪೇಟೆಯ ಇಬ್ಬರು ವ್ಯಾಪಾರಿಗಳು — ಎಲ್ಲ ಸರಿ. ಸಾಲ ತೀರಿಸಿ, ಅಮ್ಮಾಜಮ್ಮನದು ಕೊಟ್ಟು, ಮುಂದಿನ ವರ್ಷದ ಲೀಸು ಕಟ್ಟಿ ಸ್ವಲ್ಪ ಉಳಿಯುತ್ತದೆ. ನನಗೆ ಒಂದು ಸಾವಿರ ಹೆಚ್ಚು ಮಾಡುತ್ತೇನೆ ಅಂದಿದ್ದಾರೆ.

ಟ್ರೈನಿನಲ್ಲಿ ಎಲ್ಲರೂ ಮಳೆ ಬಂತೆಂದು ಖುಷಿಯಾಗಿದ್ದರು. ನಿಲ್ಲಲಿ ಅಂತ ಬಯಸುತ್ತಿದ್ದವಳು ಇಡೀ ಬೋಗಿಯಲ್ಲಿ ನಾನೊಬ್ಬಳೇ ಇರಬೇಕು.

ಅಕ್ಟೋಬರ್ 20, ಭಾನುವಾರ

ಚಿರಂಜೀವಿ ಫೋನು. ಮೇಲಿನ ಕೆರೆ ತುಂಬಿ ನೀರು ಇಲ್ಲಿಗೆ ಬರುತ್ತಿದೆ. ಕೋಡಿ ಹರಿಯಲು ಇನ್ನು ಗೇಣುದ್ದ. ಹನ್ನೊಂದು ವರ್ಷದಿಂದ ಹರಿದಿಲ್ಲವಂತೆ. ಕೋಡಿಕಲ್ಲಿಗೆ ಅಡ್ಡಲಾಗಿ ಗೂಟ ಹೊಡೆದು ಬಲೆ ಬಿಗಿದಿದ್ದಾನೆ. ಹರಿಯುವ ನೀರು ಕಂಡರೆ ಮೀನು ಕೆರೆಯಲ್ಲಿ ನಿಲ್ಲುವುದಿಲ್ಲ, ಎದ್ದು ಓಡುತ್ತದೆ. ಬಲೆ ಇದ್ದರೆ ಭಯವಿಲ್ಲ.

ನಾಳೆ ನೀವೂ ಬನ್ನಿ ಮೇಡಂ, ನೋಡಬೇಕಾದ್ದು ಅಂದ. ನನ್ನನ್ನು ಯಾರಾದರೂ ಎಲ್ಲಿಗಾದರೂ ಕರೆದು ಎಷ್ಟು ದಿನವಾಯಿತು… ಬೆಳಗ್ಗೆ ಮೊದಲ ಟ್ರೈನು, ಆಮೇಲೆ ಬೂದಿಕೋಟೆ ಬಸ್ಸು.

ಅಕ್ಟೋಬರ್ 21, ಸೋಮವಾರ

ಆದದ್ದು ಆದ ಹಾಗೆ ಬರೆಯಬೇಕು.

ಎಂಟು ಗಂಟೆಗೆ ಕೆರೆ ಏರಿ ಹತ್ತಿದೆ. ಇಷ್ಟು ನೀರು ಒಂದೇ ಕಡೆ ನಾನು ಕಂಡಿರಲಿಲ್ಲ. ಕೋಡಿಯ ಹತ್ತಿರ ಊರಿಗೆ ಊರೇ ನೆರೆದಿತ್ತು. ಹೆಂಗಸರ ಕೈಯಲ್ಲಿ ತಟ್ಟೆ, ಅರಿಶಿನ, ಹೂವು. ನೀರು ಕಲ್ಲಿನ ಅಂಚಿಗೆ ಬಂದು ನಿಂತಿತ್ತು. ನಮ್ಮ ನೀಲಿ ಬಲೆ ಅದರ ಮುಂದೆ ಬಿಗಿಯಾಗಿ.

ನೀರಗಂಟಿ ಮುನಿನಾರಾಯಣಪ್ಪ ಕೋಡಿಕಲ್ಲಿನ ಪಕ್ಕ ನಿಂತಿದ್ದರು. ಆ ಕೆರೆಯ ತೂಬು ಎತ್ತುವುದು, ಗದ್ದೆಗೆ ನೀರು ಬಿಡುವುದು ಅವರ ಮನೆಯವರ ಕೆಲಸ, ಅಪ್ಪನ ಕಾಲದಿಂದಲೂ. ಅವರು ಜಗಳ ಮಾಡಲಿಲ್ಲ. ಅಶ್ವತ್ಥಪ್ಪನವರ ತೋಳು ಹಿಡಿದು ಪಕ್ಕಕ್ಕೆ ಕರೆದು ಮೆಲ್ಲಗೇ ಅಂದರು:

“ಅನ್ನೊಂದ್ ವರ್ಸಕ್ಕೆ ಗಂಗಮ್ಮ ಒಸಲು ದಾಟ್ತಾವ್ಳೆ. ಮಗಳು ಒಸಲು ದಾಟೋವಾಗ ಬಾಗ್ಲಿಗೆ ಬಲೆ ಕಟ್ತಾರೇನಪ್ಪ? ಪೂಜೆ ಆಗೋಗಂಟ ಬಿಚ್ಚು. ಆಮ್ಯಾಕೆ ನೀನೇ ಕಟ್ಕೊ.”

ಚಿರಂಜೀವಿ ಅಡ್ಡ ಬಂದ. ಮೊದಲ ಒಂದು ಗಂಟೆಯಲ್ಲೇ ದೊಡ್ಡ ಮೀನು ಹೋಗುವುದು ಅಂತ ಹೇಳಿದ. ತಮಿಳಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಅಶ್ವತ್ಥಪ್ಪ ನೀರನ್ನೇ ನೋಡುತ್ತಿದ್ದರು. ಅವರ ಮುಖ ಆಫೀಸಿನಲ್ಲಿ ಕಾಣುವ ಮುಖವಾಗಿರಲಿಲ್ಲ. ಪಂಚೆ ಎತ್ತಿ ಕಟ್ಟಿದರು. ಚಪ್ಪಲಿ ಬಿಟ್ಟು ಇಳಿದರು. ಯಾರ ಕೈಗೂ ಕೊಡದೆ ಗಂಟುಗಳನ್ನು ತಾವೇ ಬಿಚ್ಚಿದರು. ಹೆಂಗಸರು ನೀರಿಗೆ ಕೈಮುಗಿದರು, ಒಬ್ಬಿಬ್ಬರು ಅವರಿಗೂ.

ನೀರು ದಾಟಿತು. ಮೊದಲು ಒಂದು ಹಾಳೆಯಷ್ಟು ತೆಳ್ಳಗೆ. ಆಮೇಲೆ ಬೆರಳಷ್ಟು.

ಪೂಜೆ ತಕ್ಷಣ ಆಗುತ್ತದೆ ಅಂದುಕೊಂಡಿದ್ದೆವು. ಬಾಗಿನ ಬಿಡಲು ತಾಲ್ಲೂಕಿನ ಮುಖಂಡರೊಬ್ಬರು ಬರಬೇಕಂತೆ. ಹೊರಟಿದ್ದಾರೆ ಅಂದರು. ದಾರಿಯಲ್ಲಿದ್ದಾರೆ ಅಂದರು. ಒಂಬತ್ತಾಯಿತು. ಹನ್ನೊಂದಾಯಿತು. ನೀರು ಮೊಣಕಾಲೆತ್ತರ ಧುಮುಕುತ್ತಿತ್ತು, ಅದರ ಜೊತೆ ಮೀನು. ಬೆಳ್ಳಿ ತಟ್ಟೆ ಎಸೆದ ಹಾಗೆ ಒಂದೊಂದೇ. ಆಮೇಲೆ ಎಣಿಸಲು ಆಗದ ಹಾಗೆ. ಕೆಳಗೆ ಕಾಲುವೆಯಲ್ಲಿ ಸೀರೆ, ಸೊಳ್ಳೆಪರದೆ, ಮಂಕರಿ ಹಿಡಿದು ಜನ. ಕೋಡಿ ಬಿದ್ದ ದಿನ ಕಾಲುವೆಯ ಮೀನು ಸಿಕ್ಕವರಿಗೆ. ಹಿಂದಿನಿಂದ ಬಂದದ್ದು. ಯಾರೂ ಕಳ್ಳತನ ಮಾಡುತ್ತಿರಲಿಲ್ಲ. ನಮ್ಮೆದುರೇ, ನಮಗೆ ನಗುನಗುತ್ತಾ ತೋರಿಸಿ ಹಿಡಿಯುತ್ತಿದ್ದರು.

ಚಿರಂಜೀವಿ ಏರಿಯ ಮೇಲೆ ಕೂತು ಬೀಡಿ ಹಚ್ಚಿದ. ಒದ್ದೆ. ಹತ್ತಿಕೊಳ್ಳಲಿಲ್ಲ.

ಮುಖಂಡರು ಬಂದಾಗ ಒಂದೂವರೆ. ಅಶ್ವತ್ಥಪ್ಪನವರಿಗೆ ಶಾಲು ಹೊದಿಸಿದರು. ಫೋಟೋ ಆಯಿತು. ಬಲೆ ಮತ್ತೆ ಕಟ್ಟಿದ್ದು ಎರಡು ಗಂಟೆಗೆ.

ನಾನು ಯಾರದೋ ಆರತಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಕೊಟ್ಟವರು ಯಾರೋ ಗೊತ್ತಿಲ್ಲ. ಕೆಳಗಿಡಲು ಸಂಕೋಚವಾಯಿತು.

ಬಸ್ ಸ್ಟಾಪಿನಲ್ಲಿ ಒಬ್ಬ ಮುದುಕಿ ಕವರಿನಲ್ಲಿ ಒಂದು ಕಾಟ್ಲ ಮೀನು ಹಾಕಿ ಕೈಗೆ ಕೊಟ್ಟಳು. ತಗೊಳವ್ವ, ದೂರದಿಂದ ಬಂದಿದೀಯ, ಬರಿಗೈಲಿ ಓಗ್ಬಾರ್ದು. ಬೇಡ ಅನ್ನಲು ಬರಲಿಲ್ಲ. ಕಂಪನಿಯ ಮೀನನ್ನು ಕಂಪನಿಯವಳೇ ಪುಕ್ಕಟೆ ಪಡೆದು ಟ್ರೈನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಅಕ್ಟೋಬರ್ 22

ಮೀನು ಸಾರು ಮಾಡಿದೆ. ತುಂಬ ಚೆನ್ನಾಗಿತ್ತು. ಅದೇ ಸಂಕಟ.

ನವೆಂಬರ್ 6, ಬುಧವಾರ

ಬರೆಯಲು ಮನಸ್ಸಾಗಿರಲಿಲ್ಲ. ನೀರು ಇಳಿಯಲೆಂದು ಕಾದು, ನಾಲ್ಕು ದಿನ ಬಲೆ ಹಾಕಿ ಇವತ್ತು ಮುಗಿಸಿದರು. ಬಂದದ್ದು ಅಂದಾಜಿನ ಕಾಲುಭಾಗವೂ ಅಲ್ಲ. ಬರೀ ಸಣ್ಣವು. ಆಳು, ಐಸು ಕಳೆದರೆ ಬ್ಯಾಂಕಿನ ಎರಡು ಕಂತಿಗೆ ಆಗಬಹುದು. ಎರಡು ಸಲ ಕೂಡಿದೆ. ಅಷ್ಟೇ ಬಂತು.

ಅಮ್ಮಾಜಮ್ಮ ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಕುರ್ಚಿಯಲ್ಲಿ ಕೂತು ಸೀರೆಯ ಅಂಚಿನ ದಾರ ಎಳೆಯುತ್ತಿದ್ದರು. ಮಗಳಿಗೆ ಏಳನೇ ತಿಂಗಳು.

ಆಗ ನೆನಪಾಯಿತು — ವಿಮೆ. ಸಾಲ ಕೊಡುವಾಗ ಬ್ಯಾಂಕಿನವರೇ ಕಟ್ಟಿಸಿದ್ದು. ಫೈಲು ತೆಗೆದು ಓದಿದೆ. ಪ್ರವಾಹದಲ್ಲಿ ಮೀನು ಕೊಚ್ಚಿ ಹೋದರೆ ಪರಿಹಾರವುಂಟು. ಕೋಡಿಗೆ ಬಲೆ ಕಟ್ಟಿರಬೇಕು. ಕಟ್ಟಿದ್ದೂ ಹರಿದು ಹೋಗಿದ್ದರೆ ಮಾತ್ರ.

ಅಶ್ವತ್ಥಪ್ಪ, ಚಿರಂಜೀವಿ, ಅಮ್ಮಾಜಮ್ಮ ಮೂವರಿಗೂ ಓದಿ ಹೇಳಿದೆ. ಈ ಆಫೀಸಿನಲ್ಲಿ ನಾನು ಇಷ್ಟು ಹೊತ್ತು ಒಟ್ಟಿಗೆ ಮಾತಾಡಿದ್ದು ಇದೇ ಮೊದಲು.

ಕೊನೆಗೆ ಚಿರಂಜೀವಿ ಅಂದ, “ಹಿಂದಿನ ದಿನ ಕಟ್ಟಿದ್ದು ನಿಜ ತಾನೆ ಮೇಡಂ. ಹರಿದೋಯ್ತು ಅನ್ನೋಣ. ಒಂದು ಮಾತು.”

ಅಶ್ವತ್ಥಪ್ಪ ಅರ್ಜಿ ಬರಿ ಅಂತ ನನಗೆ ಕೈಸನ್ನೆ ಮಾಡಿದರು.

ನವೆಂಬರ್ 13, ಬುಧವಾರ

ನಾಳೆ ವಿಮೆಯ ಸರ್ವೇಯರ್ ಬರುತ್ತಾರೆ. ಆಫೀಸಿನಲ್ಲಿ ರಿಹರ್ಸಲ್. ಅಮ್ಮಾಜಮ್ಮ ಸರ್ವೇಯರ್ ಆದರು. ಸೊಂಟಕ್ಕೆ ಕೈ ಕೊಟ್ಟು “ಬಲೆ ಕಟ್ಟಿದ್ರೇನ್ರಯ್ಯ?” ಅಂತ ಗದರಿದರು. ಚಿರಂಜೀವಿ ಕಟ್ಟಿದ್ದೆ ಸಾಮಿ ಅಂತ ಕಾಲಿಗೆ ಬೀಳಲು ಹೋದ. ಅಶ್ವತ್ಥಪ್ಪ ಕೂಡ ನಕ್ಕರು, ತಿಂಗಳಾದ ಮೇಲೆ. ಹಳೆಯ ಬಲೆಯೊಂದನ್ನು ಹರಿದು ತೋರಿಸಲು ರೆಡಿ ಮಾಡಿಟ್ಟಿದ್ದಾರೆ. ನೀರಗಂಟಿಯೂ ಒಪ್ಪಿದ್ದಾರಂತೆ.

ನನಗೆ ಮಾತ್ರ ಪಾತ್ರವಿಲ್ಲ. ನೀನು ಆಫೀಸಲ್ಲಿರಮ್ಮ, ನಿಂಗೆ ಸುಳ್ಳು ಬರಲ್ಲ, ಫೈಲು ತೋರಿಸು ಸಾಕು ಅಂದರು ಅಶ್ವತ್ಥಪ್ಪ. ಒಳ್ಳೆಯ ಮಾತೇ. ಆದರೂ ಹೊರಗೆ ನಿಲ್ಲಿಸಿದ ಹಾಗಾಯಿತು.

ನವೆಂಬರ್ 14, ಗುರುವಾರ

ಅವರೆಲ್ಲ ಬೆಳಗ್ಗೆಯೇ ಕೆರೆಗೆ ಹೋದರು. ಮೂರು ಗಂಟೆಗೆ ಮೆಟ್ಟಿಲ ಮೇಲೆ ಶೂ ಸದ್ದು. ಸರ್ವೇಯರ್ ಒಬ್ಬರೇ. ಅವರಿಗೆ ಕಾರು, ನಮ್ಮವರಿಗೆ ಬಸ್ಸು; ಟೆಂಪೋ ಡೀಸೆಲ್ಲಿಗೆ ದುಡ್ಡಿಲ್ಲ. ಐವತ್ತರ ಆಸುಪಾಸು. ಕೆಮ್ಮು. ನೀರು ಕೇಳಿದರು. ಫೈಲು ತಿರುವಿದರು. ಅಕ್ಷರ ಚೆನ್ನಾಗಿದೆಯಲ್ಲಮ್ಮ, ಏನು ಓದಿದೀಯ ಅಂದರು. ಕನ್ನಡ ಎಂ.ಎ. ಅಂದೆ. ಯಾವ ಊರು, ಅಪ್ಪ ಇದ್ದಾರಾ, ದಿನಾ ಟ್ರೈನಾ… ಒಬ್ಬರು ಇಷ್ಟು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದು ಯಾವಾಗಲೋ.

ಆಮೇಲೆ ಅದೇ ದನಿಯಲ್ಲಿ — “ಕೋಡಿ ಬಿದ್ದ ದಿನ ನೀನೂ ಅಲ್ಲಿದ್ಯಾ? ಬಲೆ ಕಟ್ಟಿತ್ತಾ?”

ಇತ್ತು ಅಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ನೀರು ಬಲೆಯನ್ನು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿಸಿತು ಅಂದೆ. ನಡುವಿನ ಗೂಟ ಮೊದಲು ಬಾಗಿತು. ಅಶ್ವತ್ಥಪ್ಪನವರು ಸೊಂಟದವರೆಗೆ ಇಳಿದು ಹಗ್ಗ ಹಿಡಿದರು. ಚಿರಂಜೀವಿಯ ಅಂಗೈ ಸುಲಿದು ರಕ್ತ ಬಂತು. ಬಲೆ ಹರಿದಾಗ ಹೊಸ ಬಟ್ಟೆ ಹರಿದ ಸದ್ದು. ಊರಿನವರೂ ಬಂದು ಹಿಡಿದರು ಸಾರ್, ಮುದುಕರೂ ಹಿಡಿದರು. ನಾನೂ ಹಿಡಿದೆ ಅಂದೆ. ಹೇಳುತ್ತಾ ಹೇಳುತ್ತಾ ಅಂಗೈ ಉರಿಯಿತು. ಎಲ್ಲರ ಜೊತೆ ಒಂದೇ ಹಗ್ಗ ಹಿಡಿದು ನಿಂತ ಹಾಗೆ, ನಿಜವಾಗಿಯೂ.

ಅವರು ಬರೆದುಕೊಳ್ಳುತ್ತಿದ್ದರು. ಯಾವಾಗ ನಿಲ್ಲಿಸಿದರೋ ನೋಡಲಿಲ್ಲ. ಪೆನ್ನಿನ ಕ್ಯಾಪು ಹಾಕಿದ್ದರು.

“ಅಲ್ಲಿ ಮೂರೂ ಜನ ಬಿಚ್ಚಿದ್ವಿ ಅಂದ್ರು ಕಣಮ್ಮ” ಅಂದರು. “ಕಟ್ಟಿದ್ದು ನೀನೊಬ್ಳೇ.”

ಬೈಯಲಿಲ್ಲ. ಉಳಿದ ನೀರು ಕುಡಿದು, ಲೋಟ ಕಿಟಕಿಯ ಮೇಲಿಟ್ಟು ಹೋದರು.

ಐದು ಗಂಟೆಗೆ ನಮ್ಮವರು ಬಂದರು. ಚಿರಂಜೀವಿ ಹೇಳಿದ. ಸರ್ವೇಯರ್ ಮೊದಲು ಕೇಳಿದ್ದು ನೀರಗಂಟಿಯನ್ನೇ, ಕೋಡಿಕಲ್ಲಿನ ಹತ್ತಿರ ನಿಲ್ಲಿಸಿ. ಕಲ್ಲಿನ ಮೇಲೆ ಅರಿಶಿನ ಇನ್ನೂ ಇತ್ತು. ಮುದುಕ ಒಪ್ಪಿದ್ದೆಲ್ಲ ಮರೆತು ಹೆಮ್ಮೆಯಿಂದ ಎದೆ ಸೆಟೆದು, ನಾನು ಏಳಿದ್ದಕ್ಕೇ ಬಿಚ್ಚುದ್ರು ಸ್ವಾಮಿ, ಅಂತಾ ಮನ್ಸ ಈ ಅಶ್ವತ್ಥಪ್ಪ ಅಂದುಬಿಟ್ಟರಂತೆ. ಆಮೇಲೆ ಅಶ್ವತ್ಥಪ್ಪನವರನ್ನು ಕೇಳಿದರೆ ಅವರೂ ಹೂಂ ಅಂದರಂತೆ. ಆ ಕಲ್ಲಿನ ಮುಂದೆ ನಿಂತು ಆ ಮುದುಕನನ್ನು ಸುಳ್ಳನನ್ನಾಗಿ ಮಾಡೋದು ಹೇಗೆ. ಚಿರಂಜೀವಿ ಹರಿದ ಬಲೆಯನ್ನು ಪೊದೆಯ ಹಿಂದೆ ಎಸೆದು ತಾನೂ ಹೂಂ ಅಂದ.

ಇಲ್ಲಿಗೇನಾದರೂ ಬಂದಿದ್ರಾ ಅಂತ ಅಶ್ವತ್ಥಪ್ಪ ಕೇಳಿದರು. ಫೈಲು ನೋಡಿ ಹೋದರು ಅಂದೆ.

ಒಂದೇ ದಿನದಲ್ಲಿ ಎರಡನೆಯ ಸುಳ್ಳು.

ನವೆಂಬರ್ 15

ಹೋಗಲಿಲ್ಲ. ಜ್ವರ ಅಂತ ಮೆಸೇಜು ಹಾಕಿದೆ. ಬೆಳಗಿನ ಟ್ರೈನು ಕೂಗಿದ್ದು ಹಾಸಿಗೆಯಲ್ಲೇ ಕೇಳಿಸಿತು.

ಅಮ್ಮಾಜಮ್ಮನೂ ಸೇರಿ ಅವರು ಮೂವರೂ ನಷ್ಟದಲ್ಲಿ ಒಟ್ಟಿಗಿದ್ದಾರೆ. ನಾನು ಲಾಭಕ್ಕೆ ನಿಂತು ಒಬ್ಬಳೇ ಆದೆ. ಅವರಿಗಾಗಿಯೇ ಅಲ್ಲವೇ… ಅವರಿಗಾಗಿಯಾ? ನಾನೂ ಹಿಡಿದೆ ಅಂದದ್ದು ಯಾರಿಗಾಗಿ?

ನವೆಂಬರ್ 18, ಸೋಮವಾರ

ಹೋದೆ. ಜ್ವರ ಬಿಡ್ತಾ ಅಂದರು. ಬಿಟ್ಟಿತು ಅಂದೆ. ಮೆಸೇಜೂ ಸೇರಿ ನಾಲ್ಕನೆಯದು.

ಡಿಸೆಂಬರ್ 11, ಬುಧವಾರ

ವಿಮೆ ತಿರಸ್ಕೃತ. ಕಾಗದದಲ್ಲಿ ಎರಡೇ ಸಾಲು. ನಾಲ್ಕು ಹೇಳಿಕೆಗಳಲ್ಲಿ ಒಂದು ಉಳಿದವುಗಳಿಗೆ ವಿರುದ್ಧ ಅಂತಲೂ ಇದೆ. ಜೋರಾಗಿ ಓದು ಅಂದರು ಅಶ್ವತ್ಥಪ್ಪ. ಓದಿದೆ. ‘ನಾಲ್ಕು’ ಬಂದಾಗ ತಡವರಿಸಿದೆ; ಕೆರೆಯ ಹತ್ತಿರ ಹೇಳಿಕೆ ಕೊಟ್ಟವರು ಮೂವರೇ. ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಬೆನ್ನು ಮಾತ್ರ ಕಾಣುತ್ತಿತ್ತು.

ಅಲ್ಲಿಂದಲೇ, ಟೆಂಪೋ ಮಾರಿದರೆ ಎಷ್ಟು ಬರಬಹುದು ಅಂತ ವಿಚಾರಿಸು, ಮೊದಲು ಅಮ್ಮಾಜಮ್ಮಂದು ತೀರಿಸೋಣ ಅಂದರು.

ಡಿಸೆಂಬರ್ 28, ಶನಿವಾರ

ಟೆಂಪೋ ಹೋಯಿತು. ಬಲೆಗಳು ಹೋದವು. ಅಮ್ಮಾಜಮ್ಮನದು ಪೂರ್ತಿ ಚುಕ್ತಾ. ಬ್ಯಾಂಕಿನದು ಅಶ್ವತ್ಥಪ್ಪನವರ ಹೆಸರಿಗೆ ಉಳಿಯಿತು. ಉಳಿದ ಹಸುಗಳ ಹಾಲು ಹಾಕಿ ತೀರಿಸುತ್ತಾರಂತೆ. ಲೀಸು ಬಿಟ್ಟುಕೊಟ್ಟಾಯಿತು. ನನ್ನ ಈ ತಿಂಗಳ ಸಂಬಳ ಕವರಿನಲ್ಲಿ. ಸಾವಿರ ಹೆಚ್ಚು ಇತ್ತು. ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಚಿರಂಜೀವಿ ಬೋರ್ಡು ಇಳಿಸಿ ಗೋಡೆಯ ಪಕ್ಕ ನೆಲಕ್ಕೆ ಮಲಗಿಸಿದ. ಅವನಿಗೆ ಬೇತಮಂಗಲದ ಕಡೆ ಕೆಲಸ ಸಿಕ್ಕಿದೆ. ಕುರ್ಚಿ ಎರಡೇ ಉಳಿದಿದ್ದವು. ಅಮ್ಮಾಜಮ್ಮ ನೆಲದ ಮೇಲೆ ಕಾಲು ಚಾಚಿ ಕೂತರು. ಹೊರಡಲು ಬ್ಯಾಗು ತೆಗೆದುಕೊಂಡೆ. ಟ್ರೈನಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ನಿಲ್ಲುವುದು ಹೇಗೆಂದು ತಿಳಿಯಲಿಲ್ಲ.

“ಕೂತ್ಕೊಳಮ್ಮ” ಅಂದರು ಅಶ್ವತ್ಥಪ್ಪ. “ಆ ಸರ್ವೇಯರ್ರು ಕೋಲಾರದಲ್ಲಿ ಸಿಕ್ಕಿದ್ರು. ನಮ್ಮ ಬಲೆ ಎಂಗೆ ಅರೀತು ಅಂತ ಅದೇನೋ ಏಳಿದ್ಯಂತೆ. ಅಂತ ಮಾತು ಯಾರ್ ಬಾಯಲ್ಲೂ ಕೇಳಿಲ್ಲ ಅಂದ್ರು. ನಮ್ಗೂ ಒಂದ್ಸಲ ಏಳು.”

ಮುಖ ನೋಡಿದೆ. ಚುಚ್ಚುತ್ತಿರಲಿಲ್ಲ. ಚಿರಂಜೀವಿ ಇಳಿಸಿದ ಬೋರ್ಡಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತ. ಮೂವರೂ ನನ್ನ ಕಡೆ ತಿರುಗಿ ಕಾಯುತ್ತಿದ್ದರು.

ಶುರು ಮಾಡಿದೆ. ನೀರು ಬಂತು, ಬಲೆ ಉಬ್ಬಿತು, ನಡುವಿನ ಗೂಟ ಬಾಗಿತು ಅಂದೆ.

“ನಡುವಿಂದಲ್ಲ ಮೇಡಂ” ಅಂದ ಚಿರಂಜೀವಿ. “ಎಡಗಡೇದು. ಅಲ್ಲಿ ನೆಲ ಮೆತ್ತಗೆ, ಅದೇ ಮೊದ್ಲು ಬಾಗೋದು.”

“ಸುಮ್ಕಿರ್ಲಾ, ಅವ್ಳು ಏಳ್ಲಿ” ಅಂದರು ಅಮ್ಮಾಜಮ್ಮ. “ಇವ್ರಂತೂ ಇಡೀಲಿಲ್ಲ. ನಾನಿದ್ನಾ ಅಲ್ಲಿ?”

ಇದ್ರಿ ಅಂದೆ. ಅಶ್ವತ್ಥಪ್ಪನವರ ಹಿಂದೆಯೇ ಇದ್ರಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ರಿ. ಎಡಗಡೆಯ ಗೂಟ ಕಿತ್ತು ಬಂತು, ಅಷ್ಟರಲ್ಲಿ ನೀವು ಕೈ ಚಾಚಿ ಹಗ್ಗದ ಜೊತೆ ನನ್ನ ಕೈಯನ್ನೂ ಹಿಡಿದ್ರಿ ಅಂದೆ.